ಖುಷಿಗೆ ಮಾಡೋ ಸೈಟಿಗೆ ರಿಯಾಕ್ಟ್ ಯಾಕೆ?

ಕೊಪ್ಪಳದ ಅಣ್ಣ ಕೇಳಿದ್ದಾರೆ: ಆಫೀಸಿನಲ್ಲಿ ದಿನವಿಡೀ ರಿಯಾಕ್ಟ್ (ವೆಬ್‌ಸೈಟ್ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೀತೀನಿ, ಊರಿಗೆ ಬಂದಾಗ ತೆಗೆದ ಶಾಸನ, ವೀರಗಲ್ಲುಗಳ ಫೋಟೋ ಹಾಕಲು ನನ್ನದೇ ಸೈಟ್ ಬೇಕು, ರಿಯಾಕ್ಟ್ ಮೇಲೇ ಕಟ್ಟಿದ ನೆಕ್ಸ್ಟ್ ಜೆಎಸ್ ಒಳ್ಳೆಯದೋ, ರೆಡಿಮೇಡ್ ಸೈಟ್ ಕೊಡುವ ವರ್ಡ್‌ಪ್ರೆಸ್ಸೋ?

ನನ್ನ ಕೇಳಿದರೆ ಎರಡೂ ಬೇಡ ಅಣ್ಣಾ. ಪುಟದ ವಿಷಯಕ್ಕೆ ಬರೀ ಎಚ್‌ಟಿಎಂಎಲ್, ಅದರ ಅಂದಕ್ಕೆ ಒಂದು ಸಿಎಸ್‌ಎಸ್ ಫೈಲ್ ಸಾಕು. ಆಫೀಸಿನ ಸೈಟ್ ನೋಡಿಕೊಳ್ಳಲು ಟೀಮ್ ಇರುತ್ತದೆ, ಇದಕ್ಕೆ ನೀವೊಬ್ಬರೇ. ಎರಡು ವರ್ಷ ಮುಟ್ಟದೆ ಬಿಟ್ಟರೂ ಎಚ್‌ಟಿಎಂಎಲ್ ಹಾಗೇ ತೆರೆಯುತ್ತದೆ. ನೆಕ್ಸ್ಟ್ ಜೆಎಸ್‌ಗೆ ಬೇಕಾಗುವ ನೋಡ್ ಪ್ಯಾಕೇಜುಗಳು (ಬೇರೆಯವರು ಬರೆದಿಟ್ಟ ಕೋಡ್) ಹಾಗಲ್ಲ, ಅವನ್ನು ಅಪ್‌ಡೇಟ್ ಮಾಡುವುದರಲ್ಲೇ ಭಾನುವಾರ ಕಳೆಯುತ್ತದೆ. ಸೈಟನ್ನು ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆಯಲ್ಲಿ ಇಡಿ. ದುಡ್ಡು ಕೊಡಬೇಕಿಲ್ಲ, 1 ಜಿಬಿವರೆಗೆ ಜಾಗ ಇದೆ. ಸ್ವಂತ ಡೊಮೇನ್ ಆಮೇಲೆ ನೋಡಿದರಾಯ್ತು.

ಕನ್ನಡದ ಪುಟಕ್ಕೆ ಒಂದಿಷ್ಟು ಎಚ್ಚರ ಬೇಕು. ಕನ್ನಡ ಅಕ್ಷರ ಸರಿಯಾಗಿ ಕಾಣಲು ಯುಟಿಎಫ್-8 (ಅಕ್ಷರಗಳ ಎನ್‌ಕೋಡಿಂಗ್) ಅಂತ ಫೈಲಿನ ಮೇಲೆಯೇ ಬರೆಯಿರಿ, ಭಾಷೆ ಕನ್ನಡ ಎಂದೂ ಟ್ಯಾಗ್‌ನಲ್ಲಿ ಹೇಳಿ. ಸಾಲುಗಳ ಅಂತರ 1.7ರಷ್ಟಾದರೂ ಇರಲಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಟಾಲಿಕ್ ಬೇಡವೇ ಬೇಡ, ನಮ್ಮ ಅಕ್ಷರ ವಾಲಿದರೆ ಚೆಂದ ಕಾಣುವುದಿಲ್ಲ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ ಇದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ.

ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ. ಅಭಿಮಾನದಿಂದ, ಅಶೋಕನ ಶಾಸನವಿರುವ ಊರಿನ ಹೆಸರು 'ಮಸ್ಕಿ' ಅಂತ ಕನ್ನಡದಲ್ಲೇ ಇಟ್ಟರೆ, ಲಿಂಕ್ ಕಾಪಿ ಮಾಡಿದಾಗ ಆ ಒಂದು ಪದವೇ ಶೇಕಡಾ ಚಿಹ್ನೆ ತುಂಬಿದ 45 ಅಕ್ಷರಗಳಾಗಬಹುದು. ವಾಟ್ಸಾಪ್‌ನಲ್ಲಿ ಅದನ್ನು ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ! ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಕಾಡುತ್ತದೆ. ನಿಮ್ಮ ವಿಂಡೋಸ್‌ನಲ್ಲಿ ಕಂಡ ಫೋಟೋ ಗಿಟ್‌ಹಬ್‌ನಲ್ಲಿ ಕಾಣದಿದ್ದರೆ ಮೊದಲು ಅದನ್ನೇ ನೋಡಿ.

ಫೋಟೋ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಿ. ಶಾಸನಕ್ಕೆ ಮಟಮಟ ಮಧ್ಯಾಹ್ನದ ಬಿಸಿಲು ಪ್ರಯೋಜನವಿಲ್ಲ, ಬೆಳಗ್ಗೆಯೋ ಸಂಜೆಯೋ ಓರೆ ಬೆಳಕು ಬಿದ್ದಾಗಲೇ ಅಕ್ಷರ ಎದ್ದು ಕಾಣುವುದು. ಪುಟದಲ್ಲಿ 1200 ಪಿಕ್ಸೆಲ್ ಅಗಲದ ವೆಬ್‌ಪಿ (ಹಗುರ ಫೈಲಿನ ಮಾದರಿ) ಚಿತ್ರ ಹಾಕಿ. ಅಕ್ಷರ ಓದಬೇಕು ಅನ್ನುವವರಿಗೆ ಒತ್ತಿದರೆ ದೊಡ್ಡದು ತೆರೆಯಲಿ. ಕೆಳಗೆ ನಾಲ್ಕು ಸಾಲು ಬರೆಯಿರಿ. ಉದಾಹರಣೆಗೆ, ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು, ಅಶೋಕ ಎಂಬ ಹೆಸರೇ ಅದರಲ್ಲಿದೆ, ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ರಾಜ ಯಾರು ಎಂಬುದು ಅದರಿಂದಲೇ ಖಚಿತವಾಯಿತು. ಇಷ್ಟು ಗೊತ್ತಾದರೆ ನೋಡುವವರು ಮುಂದಿನ ಪುಟಕ್ಕೂ ಹೋಗುತ್ತಾರೆ.

ಇನ್ನೊಂದು ಮಾತು, ಇದು ನಮ್ಮ ಕಡೆ ಬಹಳ ಮುಖ್ಯ. ಫೋನಿನ ಫೋಟೋದೊಳಗೆ ಜಾಗದ ಜಿಪಿಎಸ್ ಕೂತಿರುತ್ತದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳು ಎಲ್ಲರಿಗೂ ಗೊತ್ತು, ಅವುಗಳ ಚಿಂತೆ ಇಲ್ಲ. ಆದರೆ ಯಾರದೋ ಹೊಲದ ಬದುವಿನಲ್ಲಿ ಕಾವಲಿಲ್ಲದೆ ನಿಂತ ವೀರಗಲ್ಲಿನ ಗುರುತು ಸಿಕ್ಕರೆ ನಿಧಿ ಆಸೆಯವರು ರಾತ್ರಿ ಗುದ್ದಲಿ ಹಿಡಿದು ಬರುತ್ತಾರೆ. ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಿಂದ ಆ ಮಾಹಿತಿ ತೆಗೆದ ಮೇಲೆಯೇ ಫೋಟೋವನ್ನು ಗಿಟ್‌ಗೆ ಕಮಿಟ್ ಮಾಡಿ (ಸೇರಿಸಿ). ಆಮೇಲೆ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿದಿರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಅಂಥ ಕಲ್ಲುಗಳಿಗೆ ತಾಲ್ಲೂಕಿನ ಹೆಸರು ಸಾಕು. ಹೊಲದವರನ್ನೂ ಒಂದು ಮಾತು ಕೇಳಿಬಿಡಿ.

ಮೊದಲ ಪುಟ ಆದ ಕೂಡಲೇ ಲಿಂಕ್ ಇಲ್ಲಿ ಹಾಕಿ. ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳ ಫೋಟೋ ನನ್ನ ಹತ್ತಿರ ಇವೆ, ಬೇಕಿದ್ದರೆ ಕಳಿಸುತ್ತೇನೆ.