34 ಬಿ ಸರಿಯೋ, 30 ಇ ಸರಿಯೋ?

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ಬ್ರಾ ಸೈಜಿನ ಬಗ್ಗೆ ನಿಮ್ಮ ಪ್ರಶ್ನೆ ತುಂಬ ಜನರದ್ದು. ಅದಕ್ಕೇ ಖಾಸಗಿಯಾಗಿ ಬರೆಯದೆ ಇಲ್ಲೇ ಉತ್ತರ ಕೊಡುತ್ತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ಎದೆಯ ಸುತ್ತಳತೆ 36 ಇಂಚು, ಹಾಗಾಗಿ ಸೈಜೂ 36 ಅಂತ ಯಾರೋ ಹೇಳಿದ್ದರು. ಅಂದಿನಿಂದ ಇವರು 36 ಬಿ ಹಾಕುತ್ತಿದ್ದಾರೆ. ಭುಜದ ಪಟ್ಟಿ ಜಾರುತ್ತದೆ. ಬೆನ್ನಿನ ಪಟ್ಟಿ ಮೇಲಕ್ಕೇರುತ್ತದೆ. ಕಪ್‌ನ ಮೇಲಂಚಿನಲ್ಲಿ, ಅದರಲ್ಲೂ ಎಡಗಡೆ, ಬೆರಳು ತೂರುವಷ್ಟು ಜಾಗ ಖಾಲಿ. ಕೈ ಎತ್ತಿದರೆ ಕೆಳಗಿನ ತಂತಿ ಮೇಲೆ ಬಂದು ಸ್ತನದ ಮೇಲೇ ಕೂರುತ್ತದೆ. ಕೊನೆಗೆ ತಾವೇ ಟೇಪು ಹಿಡಿದು ಅಳೆದಿದ್ದಾರೆ. ಎದೆಯ ಕೆಳಗೆ 30 ಇಂಚು, ಎದೆಯ ಮೇಲೆ 36. ಒಂದು ಲೆಕ್ಕ 34 ಬಿ ಅಂದಿತಂತೆ, ಇನ್ನೊಂದು 30 ಇ ಅಂದಿತಂತೆ. ‘ನನ್ನ ಮೈಯೇ ಸರಿಯಿಲ್ಲವೇನೋ’ ಅಂತ ಪತ್ರ ಮುಗಿಸಿದ್ದಾರೆ.

ನಿಮ್ಮ ಮೈ ಸರಿಯಾಗಿಯೇ ಇದೆ. ನೀವು ಅಳೆದದ್ದೂ ಸರಿಯಾಗಿದೆ. ತಕರಾರು ಇರುವುದು ಲೆಕ್ಕದಲ್ಲಿ.

ಹಳೆಯ ಪದ್ಧತಿಯಲ್ಲಿ ಎದೆಯ ಕೆಳಗಿನ ಅಳತೆಗೆ 4 ಇಂಚು ಸೇರಿಸುತ್ತಾರೆ. ನಿಮ್ಮದು 30, ಹಾಗಾಗಿ ಬ್ಯಾಂಡ್, ಅಂದರೆ ಎದೆಯ ಕೆಳಗೆ ಮೈ ಸುತ್ತ ಬರುವ ಪಟ್ಟಿ, 34. ಎದೆಯ ಅಳತೆ 36ರಲ್ಲಿ 34 ಕಳೆದರೆ 2. ವ್ಯತ್ಯಾಸ 1 ಇಂಚು ಇದ್ದರೆ ಕಪ್ ಎ, 2 ಇದ್ದರೆ ಬಿ, 3ಕ್ಕೆ ಸಿ, 4ಕ್ಕೆ ಡಿ. ಹೀಗೆ 34 ಬಿ ಬಂತು. ಹೊಸ ಪದ್ಧತಿ 4 ಇಂಚು ಸೇರಿಸುವುದಿಲ್ಲ. ಬ್ಯಾಂಡ್ 30, ವ್ಯತ್ಯಾಸ 6. ಬ್ರಿಟನ್ನಿನ ಲೆಕ್ಕದಲ್ಲಿ ಡಿ ಆದಮೇಲೆ ಡಿಡಿ, ಆಮೇಲೆ ಇ. ಹೀಗೆ 30 ಇ ಬಂತು. ಅಮೆರಿಕದಲ್ಲಿ ಇದೇ ಅಳತೆಗೆ ಸಾಮಾನ್ಯವಾಗಿ ಡಿಡಿಡಿ ಅಂತಾರೆ. ಹೆಂಗಸು ಒಬ್ಬಳೇ, ಸೈಜು ಮೂರು!

ಹಾಗಾದರೆ ಯಾವುದನ್ನು ನಂಬಬೇಕು? ಬ್ರಾ ತಯಾರಿಸಿದವರು ಯಾವ ಪದ್ಧತಿ ಹಿಡಿದಿದ್ದಾರೋ ಅದನ್ನು. ಅದು ಗೊತ್ತಾಗುವುದಕ್ಕೆ ಒಳಗಿನ ಚೀಟಿ ನೋಡಿ. ಎಷ್ಟೋ ಬ್ರಾಗಳಲ್ಲಿ 34 ಬಿ ಪಕ್ಕದಲ್ಲೇ ಸಣ್ಣಕ್ಕೆ 75 ಬಿ ಅಂತ ಇರುತ್ತದೆ. ಆ 75 ಸೆಂಟಿಮೀಟರ್ ಲೆಕ್ಕ. ಎದೆಯ ಕೆಳಗೆ ಸುಮಾರು 75 ಸೆಂಟಿಮೀಟರ್ ಇರುವವರಿಗೆ ಇದು ಅಂತ ಅರ್ಥ. ನಿಮ್ಮ 30 ಇಂಚು ಅಂದರೆ 76 ಸೆಂಟಿಮೀಟರ್. ಅಂಥ ಚೀಟಿ ಇರುವ ಬ್ರಾದಲ್ಲಿ ನಿಮ್ಮದು 34. ಬದಲಿಗೆ ಆ ಕಂಪನಿಯ ಅಳತೆ ಪಟ್ಟಿಯಲ್ಲಿ 30ರ ಎದುರು 30 ಇಂಚು ಅಂತಲೇ ಇದ್ದರೆ ಅಲ್ಲಿ ನೀವು 30. ಇಂಚಿನ ನಂಬರ್‌ಗಿಂತ ಸೆಂಟಿಮೀಟರ್ ನಂಬರ್ ಕಡಿಮೆ ಸುಳ್ಳು ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎರಡೂ ಲೆಕ್ಕದಲ್ಲಿ 36 ಮಾತ್ರ ನಿಮ್ಮದಲ್ಲ. ಎದೆಯ ಮೇಲಿನ ಅಳತೆಯನ್ನೇ ಬ್ಯಾಂಡ್ ನಂಬರ್ ಅಂದುಕೊಳ್ಳುವುದು ಎಲ್ಲ ಕಡೆ ನಡೆಯುವ ಎಡವಟ್ಟು.

ಅಕ್ಷರದ ಬಗ್ಗೆಯೂ ಒಂದು ಮಾತು. ಕಪ್‌ಗೆ ಎ, ಬಿ, ಸಿ, ಡಿ ಅಂತ ಗುರುತು ಕೊಟ್ಟದ್ದು 1932ರಲ್ಲಿ, ಅಮೆರಿಕದ ಎಸ್.ಎಚ್. ಕ್ಯಾಂಪ್ ಕಂಪನಿ. ಅಂದಿನಿಂದ ಡಿ ಅಂದರೆ ದೊಡ್ಡದು, ಎ ಅಂದರೆ ಚಿಕ್ಕದು ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಅಕ್ಷರಕ್ಕೆ ತನ್ನದೇ ಗಾತ್ರ ಇಲ್ಲ, ಅದು ಬ್ಯಾಂಡಿನ ಜೊತೆಗೇ ಓದಬೇಕಾದದ್ದು. 36 ಬಿ, 34 ಸಿ, 32 ಡಿ ಈ ಮೂರರ ಕಪ್ಪಿನಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಒಂದೇ. ಬ್ಯಾಂಡ್ ಒಂದು ನಂಬರ್ ಇಳಿಸಿದಾಗ ಕಪ್ ಅಷ್ಟೇ ಇರಬೇಕು ಅಂದರೆ ಅಕ್ಷರ ಒಂದು ಮೇಲೆ ಹೋಗಬೇಕು. ಹಾಗಾಗಿ ‘ನಾನು ಡಿ ಅಲ್ಲವೇ ಅಲ್ಲ’ ಅಂತ ಮೊದಲೇ ಹಟ ಹಿಡಿಯಬೇಡಿ.

ಈಗ ನಿಮ್ಮ ತೊಂದರೆಗಳಿಗೆ ಬರೋಣ. ಪಟ್ಟಿ ಜಾರುವುದು, ಬೆನ್ನಿನ ಪಟ್ಟಿ ಏರುವುದು, ತಂತಿ ಮೇಲೆ ಬರುವುದು, ಈ ಮೂರಕ್ಕೂ ಮೂಲ ಬಹುಶಃ ಒಂದೇ: ಬ್ಯಾಂಡ್ ಸಡಿಲ. ಭಾರದ ಬಹುಪಾಲು ಹೊರುವುದು ಪಕ್ಕೆಲುಬಿನ ಸುತ್ತ ಇರುವ ಬ್ಯಾಂಡ್, ಭುಜದ ಪಟ್ಟಿ ಅಲ್ಲ. ಬ್ಯಾಂಡ್ ಸಡಿಲವಾದರೆ ಮುಂದೆ ಭಾರ ಕೆಳಗೆ ಎಳೆಯುತ್ತದೆ, ಹಿಂದೆ ಪಟ್ಟಿ ಮೇಲೇರುತ್ತದೆ. ಆಗ ನಾವೇನು ಮಾಡುತ್ತೇವೆ? ಭುಜದ ಪಟ್ಟಿ ಇನ್ನಷ್ಟು ಬಿಗಿ ಮಾಡುತ್ತೇವೆ. ಅದು ಬೆನ್ನಿನ ಪಟ್ಟಿಯನ್ನು ಇನ್ನೂ ಮೇಲಕ್ಕೆಳೆಯುತ್ತದೆ, ಭುಜದಲ್ಲಿ ಕೆಂಪು ಗೆರೆ ಬೀಳುತ್ತದೆ, ಕತ್ತು ನೋಯುತ್ತದೆ.

ಹೊಸ ಬ್ರಾ ಹಾಕಿ ನೋಡುವಾಗ ಹೀಗೆ ಮಾಡಿ. ಎಲ್ಲಕ್ಕಿಂತ ಹೊರಗಿನ ಸಾಲಿನ ಹುಕ್ಕಿಗೆ ಹಾಕಿ. ಆ ಸಾಲಿಗೇ ಬ್ಯಾಂಡ್ ಮೈಗೆ ಹಿಡಿದು ಕೂರಬೇಕು. ಒಳಗಿನ ಸಾಲುಗಳು ಮುಂದೆ ಎಲಾಸ್ಟಿಕ್ ಸಡಿಲವಾದ ಮೇಲೆ ಬೇಕಾಗುತ್ತವೆ, ಈಗಲೇ ಖರ್ಚು ಮಾಡಬೇಡಿ. ಹುಕ್ಕು ಹಾಕಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ. ಬಲಗೈಯನ್ನು ಎಡ ಕಪ್ಪಿನೊಳಗೆ ಹಾಕಿ, ಕಂಕುಳ ಕಡೆಯಿಂದ ಸ್ತನವನ್ನು ಪೂರ್ತಿ ಕಪ್ಪಿನೊಳಗೆ ತಂದುಕೊಳ್ಳಿ. ಇನ್ನೊಂದು ಕಡೆಗೂ ಹಾಗೆಯೇ. ಇದನ್ನು ಬಿಟ್ಟರೆ ಉಳಿದ ಪರೀಕ್ಷೆ ಎಲ್ಲ ದಂಡ. ಸ್ತನ ಎದೆಯ ಮುಂಭಾಗದಲ್ಲೇ ಮುಗಿಯುವುದಿಲ್ಲ, ಕಂಕುಳಿನವರೆಗೂ ಚಾಚಿರುತ್ತದೆ. ಎಷ್ಟೋ ಜನ ಅಲ್ಲಿನ ಉಬ್ಬನ್ನು ಸುಮ್ನೆ ಕೊಬ್ಬು ಅಂದುಕೊಂಡು ಚಿಕ್ಕ ಕಪ್ ಹಾಕುತ್ತಿರುತ್ತಾರೆ.

ಈಗ ನೆಟ್ಟಗೆ ನಿಂತು ಕನ್ನಡಿ ನೋಡಿ. ಬೆನ್ನಿನ ಪಟ್ಟಿ ನೆಲಕ್ಕೆ ಸಮನಾಗಿರಬೇಕು, ಅದರ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ತಂತಿ ಸ್ತನದ ಬುಡದ ಗೆರೆಯಲ್ಲಿ ಕೂತು ಕಂಕುಳ ಕಡೆ ಪೂರ್ತಿ ಬಳಸಿರಬೇಕು. ಎರಡು ಕಪ್ಪಿನ ನಡುವಿನ ತುಂಡು ಎದೆಮೂಳೆಗೆ ಅಂಟಿರಬೇಕು. ಅದು ತೇಲುತ್ತಿದ್ದರೆ ಹೆಚ್ಚಾಗಿ ಕಪ್ ಚಿಕ್ಕದು. ಮೇಲಂಚಿನಲ್ಲಿ ಸ್ತನ ಉಕ್ಕಿ ಎರಡು ಉಬ್ಬಿನಂತೆ ಕಂಡರೂ ಕಪ್ ಚಿಕ್ಕದೇ. ಎರಡೂ ಕೈ ಎತ್ತಿ, ತಿರುಗಿ, ಕುರ್ಚಿಯಲ್ಲಿ ಕೂತು ನೋಡಿ. ಭುಜದ ಪಟ್ಟಿ ಇಳಿಸಿದರೂ ಬ್ಯಾಂಡ್ ಜಾಗ ಬಿಡಬಾರದು.

ಉಳಿದದ್ದು ಮೇಲಂಚಿನ ಖಾಲಿ ಜಾಗ. ಇದು ಸೈಜಿನ ಮಾತಷ್ಟೇ ಅಲ್ಲ, ಆಕಾರದ ಮಾತೂ ಹೌದು. ಬ್ರಾ ಇಲ್ಲದೆ ಕನ್ನಡಿಯ ಮುಂದೆ ನಿಂತು ಮೊಲೆತೊಟ್ಟಿನ ಮಟ್ಟಕ್ಕೆ ಕೈ ಅಡ್ಡ ಹಿಡಿಯಿರಿ. ತುಂಬಿರುವುದು ಮೇಲೆ ಜಾಸ್ತಿಯೋ, ಕೆಳಗೆ ಜಾಸ್ತಿಯೋ? ಕೆಳಗೆ ಜಾಸ್ತಿ ಇದ್ದರೆ ಪೂರ್ತಿ ಮುಚ್ಚುವ ಕಪ್ಪಿನ ಮೇಲ್ಭಾಗ ತುಂಬುವುದೇ ಇಲ್ಲ. ನಿಮಗೆ ಅರ್ಧ ಕಪ್ಪಿನ, ಮೇಲಂಚು ಅಡ್ಡಕ್ಕೆ ನೇರವಾಗಿರುವ ಬಾಲ್ಕನೆಟ್ ಥರದ್ದು ಒಪ್ಪುತ್ತದೆ. ಮೇಲೆ ಜಾಸ್ತಿ ಇದ್ದವರಿಗೆ ಉಲ್ಟಾ: ಪೂರ್ತಿ ಕಪ್, ಮೇಲಂಚು ಹಿಗ್ಗುವ ಲೇಸಿನದು. ಎರಡು ಸ್ತನದ ನಡುವೆ ಜಾಗವೇ ಇಲ್ಲದವರಿಗೆ ನಡುವಿನ ತುಂಡು ಕೆಳಗಿರುವ ಪ್ಲಂಜ್ ಸುಖ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಬುಡ ಕಿರಿದಾಗಿದ್ದು ಮುಂದಕ್ಕೆ ಚಾಚಿದ ಸ್ತನಕ್ಕೆ ಅಚ್ಚೊತ್ತಿದ, ಬಟ್ಟಲಿನಂಥ ದಪ್ಪ ಕಪ್ ಹಾಕಿದರೆ ಸ್ತನ ಅದರ ತಳಕ್ಕೆ ಇಳಿಯುವುದೇ ಇಲ್ಲ. ಕಪ್ಪನ್ನೇ ಮುಂದೆ ತಳ್ಳುತ್ತದೆ, ಮೇಲೆ ಗ್ಯಾಪ್ ಕಾಣುತ್ತದೆ. ಕಪ್ ದೊಡ್ಡದಾಯಿತು ಅಂತ ಚಿಕ್ಕದಕ್ಕೆ ಹೋಗುತ್ತೀರಿ, ಗ್ಯಾಪ್ ಇನ್ನೂ ಜಾಸ್ತಿಯಾಗುತ್ತದೆ. ಅಂಥವರಿಗೆ ಎರಡು ಮೂರು ತುಂಡು ಸೇರಿಸಿ ಹೊಲಿದ, ಹೊಲಿಗೆ ಕಾಣುವ ಕಪ್ಪೇ ಸರಿ. ಅದಕ್ಕೆ ಆಳ ಇರುತ್ತದೆ. ನೋಡಲು ಹಳೇ ಕಾಲದ್ದು ಅನ್ನಿಸಬಹುದು, ಕೂರುವುದು ಮಾತ್ರ ಚೆನ್ನಾಗಿ. ಬುಡ ಅಗಲವಾಗಿ ಹರಡಿರುವವರಿಗೆ ಅಚ್ಚಿನ ಕಪ್ ತೊಂದರೆ ಕೊಡುವುದಿಲ್ಲ.

ಎಡಗಡೆ ಜಾಸ್ತಿ ಖಾಲಿ ಅಂದಿರಿ. ಎರಡೂ ಸ್ತನ ತದ್ರೂಪ ಇರುವವರೇ ಅಪರೂಪ. ದೊಡ್ಡದಕ್ಕೆ ಹೊಂದುವ ಕಪ್ ತಗೊಂಡು, ಚಿಕ್ಕದರ ಕಡೆ ತೆಗೆದು ಹಾಕಬಹುದಾದ ತೆಳು ಪ್ಯಾಡ್ ಇಡಿ. ‘ಪ್ಯಾಡೆಡ್ ತಗೊಂಡರೆ ಎಲ್ಲ ಸರಿಹೋಗುತ್ತಾ’ ಅಂತ ಕೇಳಿದ್ದೀರಲ್ಲ, ಇಲ್ಲ. ಸಡಿಲ ಬ್ಯಾಂಡನ್ನು ಪ್ಯಾಡ್ ರಿಪೇರಿ ಮಾಡಲ್ಲ. ಆದರೆ ಹುಟ್ಟಿನಿಂದ ಅಥವಾ ಬೆಳೆದಾಗಿನಿಂದ ಇರುವ ವ್ಯತ್ಯಾಸ ಬೇರೆ, ಹೊಸದಾಗಿ ಬಂದ ವ್ಯತ್ಯಾಸ ಬೇರೆ. ಒಂದೇ ಕಡೆ ಗಾತ್ರ ಬದಲಾದರೆ, ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತಾದರೆ, ತೊಟ್ಟಿನಿಂದ ರಕ್ತ ಬಂದರೆ ಬ್ರಾ ಬದಲಿಸುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ತಂತಿಯಿಂದ ಕ್ಯಾನ್ಸರ್ ಬರುತ್ತೆ ಅಂತ ಕೇಳಿ ಹೆದರಿದ್ದೀರಿ. 2014ರಲ್ಲಿ ಪ್ರಕಟವಾದ, ಅಮೆರಿಕದ ಸಿಯಾಟಲ್ ಪ್ರದೇಶದ 55ರಿಂದ 74 ವಯಸ್ಸಿನ ಸುಮಾರು 1,500 ಹೆಂಗಸರ ಅಧ್ಯಯನದಲ್ಲಿ ಬ್ರಾಗೂ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ತಂತಿ ಇದ್ದದ್ದು, ಇಲ್ಲದ್ದು, ದಿನಕ್ಕೆ ಎಷ್ಟು ಗಂಟೆ ಹಾಕುತ್ತಿದ್ದರು ಎಲ್ಲ ನೋಡಿದ್ದಾರೆ. ತಂತಿ ಚುಚ್ಚಿದರೆ ಅದು ಸೈಜು ತಪ್ಪಿದ್ದಕ್ಕೆ. ಇಷ್ಟವಿಲ್ಲದಿದ್ದರೆ ತಂತಿ ಇಲ್ಲದ್ದೇ ಹಾಕಿ, ಯಾರ ಬಲವಂತವೂ ಇಲ್ಲ.

ಅಳತೆಯನ್ನು ಆಗಾಗ ಮತ್ತೆ ತಗೊಳ್ಳಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಸ್ತನ ಊದಿರುತ್ತದೆ, ಆಗ ಅಳೆಯಬೇಡಿ. ಬಸಿರು, ಹಾಲೂಡಿಸುವುದು, ತೂಕ ಏರಿಳಿತ, ಮುಟ್ಟು ನಿಲ್ಲುವುದು ಎಲ್ಲವೂ ಸೈಜು ಬದಲಿಸುತ್ತವೆ.

ನಿಮ್ಮ ಅಳತೆಗೆ ಟ್ರಯಲ್ ರೂಮಿಗೆ ಒಯ್ಯಬೇಕಾದದ್ದು: 75 ಸೆಂಟಿಮೀಟರ್ ಅಂತ ಗುರುತಿರುವ 34 ಬಿ, 34 ಸಿ, ಜೊತೆಗೆ 32 ಸಿ. ಒಂದು ಬಾಲ್ಕನೆಟ್, ಒಂದು ಹೊಲಿಗೆ ಕಪ್ಪಿನದು. ತೆಳುವಾದ ಟೀ ಶರ್ಟ್ ಹಾಕಿಕೊಂಡು ಹೋಗಿ, ಬ್ರಾ ಮೇಲೆ ಅದನ್ನು ಹಾಕಿ ನೋಡಿದರೆ ಗ್ಯಾಪ್ ಥಟ್ಟನೆ ಕಾಣುತ್ತದೆ. ಒಪ್ಪಿದ್ದನ್ನು ಒಂದೇ ಒಂದು ತಗೊಳ್ಳಿ. ವಾಪಸ್ ತಗೊಳ್ಳುವವರಾದರೆ ಚೀಟಿ ಕೀಳದೆ ಮನೆಯಲ್ಲಿ ಒಂದೆರಡು ಗಂಟೆ ಹಾಕಿಕೊಂಡು ಓಡಾಡಿ, ಎರಡನೆಯದನ್ನು ಆಮೇಲೆ ಕೊಳ್ಳಿ.