ಓದುಗರ ಪ್ರಶ್ನೆ: ಕ್ಲೀವ್‌ಲೆಂಡ್‌ನ ಪಾಳುಬಿದ್ದ ಕಬ್ಬಿಣದ ಗಣಿಗಳು

ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ಪ್ರಕಟವಾದ ಛಾಯಾಚಿತ್ರವೊಂದರ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಇಂಗ್ಲೆಂಡಿನ ಈಶಾನ್ಯದ ಕ್ಲೀವ್‌ಲೆಂಡ್ ಎಂಬ ಕಬ್ಬಿಣದ ಗಣಿಸೀಮೆಗೆ ಸೇರಿದ, ಉತ್ತರ ಯಾರ್ಕ್‌ಷೈರಿನ ರೋಸ್‌ಡೇಲ್ ಕಣಿವೆಯಲ್ಲಿ, ಮರವೂ ಮನೆಯೂ ಇಲ್ಲದ ಬೆಟ್ಟದ ಮಗ್ಗುಲಿಗೆ ಸಾಲಾಗಿ ನಿಂತಿರುವ ಕಲ್ಲಿನ ಕಮಾನುಗಳ ಚಿತ್ರ ಅದು. ಬಂದ ಪತ್ರಗಳಿಂದ ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಆ ಕಮಾನುಗಳು ಕಬ್ಬಿಣದ ಗಣಿಗೆ ಸೇರಿದವೆಂದು ಚಿತ್ರದ ಕೆಳಗೆ ಬರೆದಿದ್ದಿರಿ. ಗಣಿ ಎಂದರೆ ಗುಂಡಿಯೋ ಸುರಂಗವೋ ಇರಬೇಕಲ್ಲವೇ? ಕಮಾನುಗಳಿಗೆ ಅಲ್ಲಿ ಏನು ಕೆಲಸ?
– ಓದುಗರೊಬ್ಬರು, ಮೈಸೂರು

ಉತ್ತರ: ಅವು ಅದಿರು ಸುಡುವ ಭಟ್ಟಿಗಳ ಬಾಯಿಗಳು. ರೋಸ್‌ಡೇಲ್‌ನಲ್ಲಿ 1850ರ ದಶಕದಲ್ಲಿ ಗಣಿಗಾರಿಕೆ ಆರಂಭವಾದಾಗ ಎದುರಾದ ದೊಡ್ಡ ತೊಡಕು ಅದಿರನ್ನು ಅಗೆಯುವುದಾಗಿರಲಿಲ್ಲ, ಸಾಗಿಸುವುದಾಗಿತ್ತು. ಊದುಕುಲುಮೆಗಳಿದ್ದದ್ದು ದೂರದಲ್ಲಿ, ನಡುವೆ ಇದ್ದದ್ದು ಗಾಳಿಗೆ ಒಡ್ಡಿಕೊಂಡ ಬೋಳು ಬೆಟ್ಟಗಳು. ಅದಿರಿನಲ್ಲಿ ನೀರಿನ ಅಂಶವೂ ಇಂಗಾಲದ ಡೈಆಕ್ಸೈಡೂ ಸೇರಿಕೊಂಡಿರುವುದರಿಂದ, ಅದನ್ನು ಹಾಗೆಯೇ ಸಾಗಿಸಿದರೆ ಕುಲುಮೆಯಲ್ಲಿ ಹೊಗೆಯಾಗಿ ಹೋಗುವ ವಸ್ತುವಿಗೂ ರೈಲಿನ ಬಾಡಿಗೆ ತೆರಬೇಕಾಗುತ್ತಿತ್ತು. ಆದ್ದರಿಂದ ಗಣಿಯ ಬಳಿಯೇ, ಬೆಟ್ಟದ ಇಳಿಜಾರಿಗೆ ಆನಿಸಿ ಈ ಭಟ್ಟಿಗಳನ್ನು ಕಟ್ಟಿದರು. ಮೇಲಿನ ಹಳಿಗಳಿಂದ ಅದಿರನ್ನೂ ಪುಡಿ ಕಲ್ಲಿದ್ದಲನ್ನೂ ಒಳಗೆ ಸುರಿದು ನಿಧಾನವಾಗಿ ಸುಡುತ್ತಿದ್ದರು. ಸುಟ್ಟು ಹಗುರಾದ ಅದಿರನ್ನು ಕೆಳಗಿನ ಕಮಾನುಗಳಿಂದ ಎಳೆದು ಬಂಡಿಗಳಿಗೆ ತುಂಬುತ್ತಿದ್ದರು. ಚಿತ್ರದಲ್ಲಿ ಕಲ್ಲುಗಳು ಕೆಲವೆಡೆ ಕೆಂಪಗೆ ಕಾಣುವುದು ಆ ಬೆಂಕಿಯ ಗುರುತು.

ಈ ಅದಿರಿಗಾಗಿಯೇ 1861ರಲ್ಲಿ ಬೆಟ್ಟದ ನೆತ್ತಿಯ ಮೇಲೆ ರೈಲುಮಾರ್ಗ ಬಂತು. ಅದು ಬಯಲಿಗೆ ಇಳಿಯಬೇಕಾದ ಇಂಗಲ್‌ಬಿ ಎಂಬಲ್ಲಿ ಇಳಿಜಾರು ಎಷ್ಟು ಕಡಿದೆಂದರೆ ಎಂಜಿನ್ ಓಡಿಸುವ ಮಾತೇ ಇರಲಿಲ್ಲ. ಉಕ್ಕಿನ ಹಗ್ಗಕ್ಕೆ ಕಟ್ಟಿದ ತುಂಬಿದ ಬಂಡಿಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತ, ಹಗ್ಗದ ಇನ್ನೊಂದು ತುದಿಯ ಖಾಲಿ ಬಂಡಿಗಳನ್ನು ಮೇಲೆಳೆಯುತ್ತಿದ್ದವು. ಐದುನೂರರ ಆಸುಪಾಸಿನಲ್ಲಿದ್ದ ಕಣಿವೆಯ ಜನಸಂಖ್ಯೆ ಎರಡು ದಶಕಗಳಲ್ಲಿ ಎರಡೂವರೆ ಸಾವಿರವನ್ನು ದಾಟಿತು. 1926ರಲ್ಲಿ ಗಣಿಗಳು ನಿಂತವು. ಅನಂತರವೂ ಭಟ್ಟಿಗಳ ಬಳಿ ರಾಶಿಬಿದ್ದಿದ್ದ ಸುಟ್ಟ ಅದಿರಿನ ಪುಡಿಯನ್ನು ಸಾಗಿಸಿ, 1929ರಲ್ಲಿ ರೈಲನ್ನೂ ನಿಲ್ಲಿಸಿದರು. ಇಂದು ಆ ಹಳಿಯ ಹಾದಿ ಚಾರಣಿಗರದು. ಭಟ್ಟಿಗಳನ್ನು ರಾಷ್ಟ್ರೀಯ ಉದ್ಯಾನದ ಆಡಳಿತವು ಇತ್ತೀಚಿನ ವರ್ಷಗಳಲ್ಲಿ ಭದ್ರಪಡಿಸಿದೆ.

ಪ್ರಶ್ನೆ: ಸಂಡೂರಿನ ಗಣಿಗಳಲ್ಲಿ ಬಹುಕಾಲ ಕೆಲಸ ಮಾಡಿದವನು ನಾನು. ನಮ್ಮಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಕಬ್ಬಿಣವಿದ್ದರೆ ಮಾತ್ರ ಒಳ್ಳೆಯ ಅದಿರು ಎನ್ನುತ್ತಿದ್ದೆವು. ಕ್ಲೀವ್‌ಲೆಂಡ್ ಅದಿರಿನಲ್ಲಿ 30 ಕೂಡ ಇಲ್ಲವೆಂದು ಕೇಳಿದ್ದೇನೆ. ಅಷ್ಟು ಬಡ ಅದಿರನ್ನು ನಂಬಿ ಒಂದು ದೇಶ ಹೇಗೆ ಉದ್ಯಮ ಕಟ್ಟಿತು?
– ನಿವೃತ್ತ ಗಣಿ ನೌಕರರು, ಸಂಡೂರು

ಉತ್ತರ: ತಾವು ಕೇಳಿದ್ದು ಸರಿ. ಅಲ್ಲಿನ ಮುಖ್ಯ ಪದರದ ಅದಿರಿನಲ್ಲಿ ಕಬ್ಬಿಣ ನೂರಕ್ಕೆ 30ರ ಆಸುಪಾಸು ಮಾತ್ರ. ರೋಸ್‌ಡೇಲ್‌ನ ಕಾಂತಶಿಲೆಯಂಥ ಕೆಲವು ನಿಕ್ಷೇಪಗಳಷ್ಟೇ ಅದಕ್ಕಿಂತ ಮೇಲು. ಸಂಡೂರಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವಾದರೆ, ಕ್ಲೀವ್‌ಲೆಂಡಿನದು ಸುಮಾರು 18ರಿಂದ 19 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಆಳವಿಲ್ಲದ ಸಮುದ್ರದಲ್ಲಿ ಸಂಚಯಿಸಿದ್ದು. ಹೊಸದಾಗಿ ಒಡೆದ ತುಂಡು ಕೆಂಪಗಿರುವುದಿಲ್ಲ, ಹಸಿರು ಬೆರೆತ ಬೂದು ಬಣ್ಣದ್ದಾಗಿರುತ್ತದೆ. ಕೈಮಸೂರದಲ್ಲಿ ನೋಡಿದರೆ ರಾಗಿಕಾಳಿನಂಥ ಸಣ್ಣ ಗುಂಡುಗಳು ಒತ್ತೊತ್ತಾಗಿ ಕೂತಿರುವುದು ಕಾಣುತ್ತದೆ, ನಡುವೆ ಚಿಪ್ಪುಜೀವಿಗಳ ಪಳೆಯುಳಿಕೆಗಳೂ ಸಿಗುತ್ತವೆ. ಗಾಳಿ ಮಳೆ ತಗುಲಿದ ಮೇಲೆಯೇ ಅದು ಕಂದುಬಣ್ಣಕ್ಕೆ ತಿರುಗುವುದು.

ಬಡ ಅದಿರು ಲಾಭ ತಂದದ್ದು ನೆರೆಹೊರೆಯ ಬಲದಿಂದ. ಕುಲುಮೆಗೆ ಬೇಕಾದ ಕಲ್ಲಿದ್ದಲು ಪಕ್ಕದ ಡರ್ಹಮ್ ಪ್ರಾಂತ್ಯದಲ್ಲಿತ್ತು, ಸುಣ್ಣದ ಕಲ್ಲೂ ಹತ್ತಿರವೇ ಸಿಗುತ್ತಿತ್ತು, ಟೀಸ್ ನದಿಯ ಬಂದರು ಎದುರಿಗಿತ್ತು, ರೈಲು 1830ರಲ್ಲಿಯೇ ಆ ನದಿಯ ದಡದ ಮಿಡಲ್ಸ್‌ಬರೋ ಎಂಬ ಊರನ್ನು ತಲುಪಿತ್ತು. 1850ರಲ್ಲಿ ಜಾನ್ ವಾನ್ ಎಂಬ ಕಬ್ಬಿಣದ ಉದ್ಯಮಿ ಮತ್ತು ಜಾನ್ ಮಾರ್ಲಿ ಎಂಬ ಗಣಿ ತಜ್ಞ ಎಸ್ಟನ್ ಬೆಟ್ಟದಲ್ಲಿ ಹತ್ತು ಅಡಿಗೂ ದಪ್ಪವಾದ ಪದರವನ್ನು ಗುರುತಿಸಿದರು. 1831ರಲ್ಲಿ 154 ಜನರಿದ್ದ ಮಿಡಲ್ಸ್‌ಬರೋದಲ್ಲಿ 1871ರ ವೇಳೆಗೆ ನಲವತ್ತು ಸಾವಿರದಷ್ಟು ಜನ ನೆಲೆಸಿದ್ದರು. 1880ರ ದಶಕದಲ್ಲಿ ಉತ್ಪಾದನೆ ಉಚ್ಛ್ರಾಯಕ್ಕೆ ಮುಟ್ಟಿದಾಗ ವರ್ಷಕ್ಕೆ ಅರವತ್ತು ಲಕ್ಷ ಟನ್ನಿಗೂ ಹೆಚ್ಚು ಅದಿರು ಹೊರಬರುತ್ತಿತ್ತು.

ಇನ್ನೊಂದು ಕೊರತೆಯನ್ನೂ ತಮ್ಮಂಥವರಿಗೆ ಹೇಳಲೇಬೇಕು. ಆ ಅದಿರಿನಲ್ಲಿ ರಂಜಕ ಹೆಚ್ಚು. ಕರಗಿದ ಬೀಡುಕಬ್ಬಿಣದೊಳಗೆ ಗಾಳಿ ಊದಿ ಉಕ್ಕು ಮಾಡುವುದು ಬೆಸೆಮರ್ ವಿಧಾನ; ರಂಜಕವುಳ್ಳ ಬೀಡುಕಬ್ಬಿಣದಿಂದ ಹಾಗೆ ಮಾಡಿದ ಉಕ್ಕು ಒಡಕಲಾಗುತ್ತಿತ್ತು. ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಅವರ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಅವರು ಕುಲುಮೆಯ ಒಳಗೋಡೆಗೆ ಕ್ಷಾರಗುಣದ ಇಟ್ಟಿಗೆ ಹೊದಿಸಿ, ಸುಣ್ಣ ಸೇರಿಸಿ ರಂಜಕವನ್ನು ಕಿಟ್ಟಕ್ಕೆ ಇಳಿಸುವ ವಿಧಾನವನ್ನು 1879ರಲ್ಲಿ ಮಿಡಲ್ಸ್‌ಬರೋದಲ್ಲಿಯೇ ಮಾಡಿ ತೋರಿಸಿದರು. ಉಕ್ಕಿಗೆ ಶತ್ರುವಾಗಿದ್ದ ರಂಜಕ ಆ ಕಿಟ್ಟದ ಪುಡಿಯ ರೂಪದಲ್ಲಿ ಹೊಲಗಳಿಗೆ ಗೊಬ್ಬರವಾಯಿತು. ಆದರೆ ಸ್ಪೇನ್, ಸ್ವೀಡನ್‌ಗಳಿಂದ ಹಡಗಿನಲ್ಲಿ ಬರುತ್ತಿದ್ದ ಸಿರಿವಂತ ಅದಿರಿನ ಎದುರು ಊರಿನ ಅದಿರು ಕೊನೆಗೂ ನಿಲ್ಲಲಾರದೆ ಹೋಯಿತು. ನಾರ್ತ್ ಸ್ಕೆಲ್ಟನ್ ಎಂಬ ಕಟ್ಟಕಡೆಯ ಗಣಿ 1964ರ ಜನವರಿಯಲ್ಲಿ ಮುಚ್ಚಿತು.

ಪ್ರಶ್ನೆ: ನಾನು ಮಿಡಲ್ಸ್‌ಬರೋದಲ್ಲಿ ಓದುತ್ತಿದ್ದೇನೆ. ಕಾಡಿನಲ್ಲಿ ಅರ್ಧ ಮುಚ್ಚಿಹೋದ ಗಣಿಬಾಯಿಯೊಂದನ್ನು ಗೆಳೆಯರು ಪತ್ತೆಮಾಡಿದ್ದಾರೆ. ಒಳ್ಳೆಯ ಟಾರ್ಚು, ಹೆಲ್ಮೆಟ್ಟು ಇದ್ದರೆ ಸ್ವಲ್ಪ ದೂರ ಹೋಗಿ ಬರಬಹುದೇ?
– ವಿದ್ಯಾರ್ಥಿನಿ, ಮಿಡಲ್ಸ್‌ಬರೋ

ಉತ್ತರ: ದಯವಿಟ್ಟು ಹೋಗಬೇಡಿ. ಬಾಯಿಮಾತಿನ ಎಚ್ಚರಿಕೆಯಾಗಿ ಉಳಿಯಬಾರದೆಂದು ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಗಾಳಿ. ಈ ಗಣಿಗಳ ಕಲ್ಲಿನಲ್ಲಿರುವ ಕಬ್ಬಿಣ ಮತ್ತು ಗಂಧಕದ ಖನಿಜಗಳು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ತುಕ್ಕು ಹಿಡಿಯುತ್ತಲೇ ಇರುತ್ತವೆ. ಅದರಿಂದ ಹುಟ್ಟುವ ಆಮ್ಲವು ಕಾರ್ಬೊನೇಟ್ ಕಲ್ಲನ್ನು ಕರಗಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಗಾಳಿಯಾಡದ ಸುರಂಗದಲ್ಲಿ ಹೀಗೆ ಕೂಡಿಬಿದ್ದ ಕೆಟ್ಟ ಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನೂರಕ್ಕೆ 21ರಷ್ಟಿರಬೇಕಾದ ಆಮ್ಲಜನಕ 10ಕ್ಕಿಳಿದರೆ ಮನುಷ್ಯ ಕೂಗಿ ಕರೆಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಹಿಂದಿನ ಕಾರ್ಮಿಕರ ಕೈಯಲ್ಲಿ ಮೋಂಬತ್ತಿ ಇರುತ್ತಿತ್ತು, ಗಾಳಿ ಕೆಟ್ಟರೆ ಅದು ಮೊದಲು ನಂದಿ ಎಚ್ಚರಿಸುತ್ತಿತ್ತು; ನಿಮ್ಮ ಟಾರ್ಚು ಎಂಥ ಗಾಳಿಯಲ್ಲೂ ಉರಿಯುತ್ತಲೇ ಇರುತ್ತದೆ. ವಾಯುಭಾರ ಕುಸಿದ ದಿನ ಒಳಗಿನ ಗಾಳಿ ಹೊರಮುಖವಾಗಿ ಹರಿಯುವುದರಿಂದ, ನಿನ್ನೆ ಸುರಕ್ಷಿತವಾಗಿದ್ದ ಜಾಗ ಇಂದು ಹಾಗಿರುತ್ತದೆಂಬ ಖಾತರಿಯೂ ಇಲ್ಲ.

ಎರಡನೆಯದು ಚಾವಣಿ. ಇಲ್ಲಿನ ಅದಿರನ್ನು ಓಣಿಗಳಾಗಿ ಕಡಿದು, ನಡುವೆ ಕಲ್ಲಿನ ದೊಡ್ಡ ಕಂಬಗಳನ್ನು ಬಿಟ್ಟು ಮುಂದುವರಿಯುತ್ತಿದ್ದರು. ಗಣಿಯ ಎಲ್ಲೆಯನ್ನು ಮುಟ್ಟಿದ ಮೇಲೆ ಹಿಂದಕ್ಕೆ ಬರುತ್ತ ಆ ಕಂಬಗಳನ್ನೂ ಕಡಿದು ತೆಗೆಯುತ್ತಿದ್ದರು. ಆಗ ಮೇಲಿನ ಪದರುಗಲ್ಲು ಕುಸಿಯಲೆಂದೇ ಬಿಟ್ಟದ್ದು. ಮರದ ಊರೆಗೋಲುಗಳು ಚಟಗುಟ್ಟುವ ಸದ್ದನ್ನು ಕೇಳಿ ಯಾವ ಕ್ಷಣದಲ್ಲಿ ಹಿಂದೆ ಸರಿಯಬೇಕೆಂಬುದು ಅನುಭವಿ ಕಾರ್ಮಿಕನಿಗೆ ತಿಳಿದಿರುತ್ತಿತ್ತು. ಅಂಥವರೂ ಹೆಚ್ಚಾಗಿ ಸತ್ತದ್ದು ಚಾವಣಿಯ ಕಲ್ಲು ಬಿದ್ದೇ. ಆ ಊರೆಗೋಲುಗಳು ಈಗ ಕೊಳೆತಿವೆ. ಮೇಲಾಗಿ ಸುರಂಗದ ನೆಲದ ನೀರಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ಕಾಣಿಸುವುದಿಲ್ಲ, ನೆಲ ಖಾಸಗಿಯವರದು, ಬಾವಲಿಗಳು ಸೇರಿಕೊಂಡಿದ್ದರೆ ಅವುಗಳಿಗೆ ತೊಂದರೆ ಕೊಡುವುದು ಆ ದೇಶದಲ್ಲಿ ಅಪರಾಧ.

ಒಳಗನ್ನು ನೋಡಲೇಬೇಕೆಂದರೆ ಸ್ಕಿನ್ನಿಂಗ್‌ಗ್ರೋವ್‌ನ ಗಣಿ ವಸ್ತುಸಂಗ್ರಹಾಲಯಕ್ಕೆ ಹೋಗಿ. 1848ರಲ್ಲಿ ಶುರುವಾಗಿ 1958ರಲ್ಲಿ ಮುಚ್ಚಿದ ಲಾಫ್ಟಸ್ ಗಣಿಯ ಸ್ಥಳದಲ್ಲಿಯೇ ಅದು ಇದೆ. ಸಾಲ್ಟ್‌ಬರ್ನ್‌ನಿಂದ ಪೂರ್ವಕ್ಕೆ ಕಡಲಂಚಿನ ಕಾಲುಹಾದಿ ಹಿಡಿದರೆ ಹಂಟ್‌ಕ್ಲಿಫ್ ಗಣಿಯ ಪಂಖದ ಮನೆ ಸಿಗುತ್ತದೆ. ಸುರಂಗದ ಕೆಟ್ಟ ಗಾಳಿಯನ್ನು ಹೊರಗೆಳೆಯುತ್ತಿದ್ದ ದೈತ್ಯ ಚಕ್ರ ಈಗಿಲ್ಲ, ಆದರೆ ಅದು ತಿರುಗುತ್ತಿದ್ದ ಇಟ್ಟಿಗೆಯ ಗೂಡು ಇಂದಿಗೂ ನಿಂತಿದೆ. ಅದರ ಮುಂದೆ ನಿಂತವರಿಗೆ, ಒಳಗಿನವರ ಉಸಿರಿಗಾಗಿ ಎಷ್ಟು ದೊಡ್ಡ ಏರ್ಪಾಡು ಬೇಕಿತ್ತೆಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಇತಿಹಾಸ ಶಿಕ್ಷಕ. ಗಣಿ ಮುಚ್ಚಿ ದಶಕಗಳೇ ಕಳೆದ ಮೇಲೆ ಅಲ್ಲಿ ದುಡಿದ ಸಾಮಾನ್ಯರ ಚರಿತ್ರೆಯನ್ನು ಕ್ಲೀವ್‌ಲೆಂಡಿನವರು ಹೇಗೆ ಬರೆಯುತ್ತಾರೆ? ನಮ್ಮ ಜಿಲ್ಲೆಯ ಕುದುರೆಮುಖದ ಬಗ್ಗೆ ಮಕ್ಕಳಿಂದ ಅಂಥದೊಂದು ಕೆಲಸ ಮಾಡಿಸಬಹುದೇ?
– ಶಿಕ್ಷಕರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ತಂದಿದೆ. ಪಾಳು ಗಣಿಯ ಬಗ್ಗೆ ಕುತೂಹಲವುಳ್ಳವರೆಲ್ಲ ಮೊದಲು ಸುರಂಗದ ಬಾಯಿಯನ್ನು ಹುಡುಕುತ್ತಾರೆ. ಆದರೆ ಗಣಿಯ ಚರಿತ್ರೆಯ ಬಹುಪಾಲು ನೆಲದ ಮೇಲೆಯೇ, ಊರಿನ ಬೀದಿಗಳಲ್ಲಿ ಮತ್ತು ಕಡತಗಳಲ್ಲಿ ಇದೆಯೆಂಬುದು ನನ್ನ ದೃಢವಾದ ನಂಬಿಕೆ.

ಅಲ್ಲಿನ ಆಸಕ್ತರು ಭೂಮಾಪನ ಇಲಾಖೆಯ ಹಳೆಯ ನಕ್ಷೆಗಳಿಂದ ಆರಂಭಿಸುತ್ತಾರೆ. 1850ರ ದಶಕದ ನಕ್ಷೆಯಲ್ಲಿ ಬರೀ ಹೊಲವಾಗಿದ್ದ ಜಾಗದಲ್ಲಿ 1890ರ ದಶಕದ ನಕ್ಷೆ ರೈಲಿನ ಕವಲು, ಮನೆಗಳ ಸಾಲು, ಮೆಥಡಿಸ್ಟ್ ಪ್ರಾರ್ಥನಾ ಮಂದಿರ, ಶಾಲೆ ಎಲ್ಲವನ್ನೂ ತೋರಿಸುತ್ತದೆ. ಈ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಅನಂತರ ಹತ್ತು ವರ್ಷಕ್ಕೊಮ್ಮೆಯ ಜನಗಣತಿಯ ಹಾಳೆಗಳು: ಪ್ರತಿಯೊಬ್ಬರ ಹೆಸರಿನ ಎದುರು ಹುಟ್ಟಿದ ಊರು ಬರೆದಿರುವುದರಿಂದ, ತಾಮ್ರ ತವರದ ಗಣಿಗಳು ಸೊರಗಿದಾಗ ಕಾರ್ನ್‌ವಾಲ್‌ನಿಂದ ಬಂದವರು, ಕೃಷಿಕೂಲಿ ಸಾಲದೆ ನಾರ್ಫಕ್‌ನಿಂದ ಬಂದವರು, ಐರ್ಲೆಂಡಿನಿಂದ ಬಂದವರು ಒಂದೇ ಬೀದಿಯಲ್ಲಿ ಹೇಗೆ ನೆರೆಯವರಾದರೆಂಬುದು ತಿಳಿಯುತ್ತದೆ. ಎಸ್ಟನ್ ಬಳಿಯ ಕಾರ್ಮಿಕರ ಬಡಾವಣೆಯೊಂದಕ್ಕೆ ಕ್ಯಾಲಿಫೋರ್ನಿಯ ಎಂದೇ ಹೆಸರು; ಅಮೆರಿಕದಲ್ಲಿ ಚಿನ್ನಕ್ಕಾಗಿ ಜನ ನುಗ್ಗುತ್ತಿದ್ದ ದಿನಗಳಲ್ಲಿ ಇಲ್ಲಿ ಕಬ್ಬಿಣಕ್ಕಾಗಿ ನುಗ್ಗಿದ್ದರು.

ಗಣಿ ಮುಚ್ಚುವಾಗ ಒಳಗಿನ ನಕ್ಷೆಯನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 1872ರಲ್ಲಿ ಬಂತು. ಗಣಿ ತನಿಖಾಧಿಕಾರಿಗಳ ವಾರ್ಷಿಕ ವರದಿಗಳು ಅದಕ್ಕಿಂತಲೂ ಮನಸ್ಸನ್ನು ಕಲಕುತ್ತವೆ. ಸತ್ತವನ ಹೆಸರು, ವಯಸ್ಸು, ಕೆಲಸ, ಸಾವಿನ ಕಾರಣ, ಇಷ್ಟೇ. ಈ ಒಂದು ಸಾಲನ್ನು ಜನಗಣತಿಯ ಹಾಳೆಗೆ ಜೋಡಿಸಿದಾಗ ಅವನ ಹೆಂಡತಿ ಮಕ್ಕಳು ಯಾರೆಂದು ಗೊತ್ತಾಗುತ್ತದೆ. ಮುಂದಿನ ಗಣತಿಯಲ್ಲಿ ಆ ಮನೆಯಲ್ಲಿ ಬೇರೆ ಸಂಸಾರವಿದ್ದರೆ, ಉಳಿದವರು ಎಲ್ಲಿಗೆ ಹೋದರೆಂದು ಹುಡುಕಲು ಒಂದು ಎಳೆ ಸಿಗುತ್ತದೆ. ಸ್ಫೋಟಕ ಅನಿಲ ಈ ಗಣಿಗಳಲ್ಲಿ ಅಪರೂಪವಾದರೂ ಲಿಂಗ್‌ಡೇಲ್ ಗಣಿಯಲ್ಲಿ 1953ರಲ್ಲಿ ಅದು ಸಿಡಿದು ಎಂಟು ಮಂದಿ ಸತ್ತರು.

ವಸ್ತುಗಳೂ ಸಾಕ್ಷಿ ಹೇಳುತ್ತವೆ. ಅದಿರು ತುಂಬಿದ ಪ್ರತಿ ಬಂಡಿಗೂ ಕಾರ್ಮಿಕ ತನ್ನ ಗುರುತಿನ ಲೋಹದ ಬಿಲ್ಲೆಯೊಂದನ್ನು ಕಟ್ಟಿ ಮೇಲಕ್ಕೆ ಕಳಿಸುತ್ತಿದ್ದ. ಕೂಲಿ ದಿನದ ಲೆಕ್ಕದ್ದಲ್ಲ, ತೂಕದ್ದು. ಬಿಲ್ಲೆ ಕಳಚಿ ಬಿದ್ದರೆ ಆ ದುಡಿಮೆ ಯಾರದೆಂದು ಹೇಳುವವರಿರಲಿಲ್ಲ. ಬಂಡಿಯಲ್ಲಿ ಪದರುಗಲ್ಲು ಹೆಚ್ಚಾಗಿ ಬೆರೆತಿದ್ದರೆ ದಂಡ ಬೀಳುತ್ತಿತ್ತು. ತೂಕದ ಮನೆಯಲ್ಲಿ ಕಂಪನಿಯವನ ಪಕ್ಕದಲ್ಲಿ ಕಾರ್ಮಿಕರೇ ಸಂಬಳ ಕೊಟ್ಟು ನಿಲ್ಲಿಸಿದ ತಮ್ಮವನೊಬ್ಬ ಇರುತ್ತಿದ್ದದ್ದು ಇದಕ್ಕಾಗಿ. ಬೆರಳಗಲದ ಆ ಬಿಲ್ಲೆಯನ್ನು ಮಕ್ಕಳ ಕೈಗಿಟ್ಟು ಈ ವ್ಯವಸ್ಥೆಯನ್ನು ವಿವರಿಸಿದರೆ ಅವರು ಮರೆಯುವುದಿಲ್ಲ.

ಕುದುರೆಮುಖದ ವಿಚಾರದಲ್ಲಿ ತಮಗೊಂದು ಅನುಕೂಲವಿದೆ. ಕ್ಲೀವ್‌ಲೆಂಡಿನಲ್ಲಿ 1964ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಅವರ ನೆನಪುಗಳನ್ನು ದಾಖಲಿಸುವ ಅವಕಾಶ ಮುಗಿಯುತ್ತ ಬಂದಿದೆ. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದು. ಅಲ್ಲಿ ಯಂತ್ರ ನಡೆಸಿದವರು, ಮಂಗಳೂರಿಗೆ ಅದಿರಿನ ರಾಡಿಯನ್ನು ಒಯ್ಯುತ್ತಿದ್ದ 67 ಕಿಲೋಮೀಟರ್ ಕೊಳವೆಯನ್ನು ಕಾಯ್ದವರು, ಬಡಾವಣೆಯ ಶಾಲೆಯಲ್ಲಿ ಕಲಿಸಿದವರು, ಗಣಿ ನಿಲ್ಲಬೇಕೆಂದು ಹೋರಾಡಿದವರು ಎಲ್ಲರೂ ಇನ್ನೂ ಮಾತಿಗೆ ಸಿಗುವ ವಯಸ್ಸಿನವರು. ಗಣಿ ಪ್ರದೇಶ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. ಮೊದಲ ಹಂತದಲ್ಲಿ ಅದರ ಅಗತ್ಯವೂ ಇಲ್ಲ. ಒಂದೊಂದು ಮನೆಗೆ ಇಬ್ಬಿಬ್ಬರು ಮಕ್ಕಳು ಹೋಗಿ, ಹಿರಿಯರ ಒಪ್ಪಿಗೆ ಪಡೆದು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಗಣಿ ಬೇಕೆಂದವರ ಮಾತನ್ನೂ ಬೇಡವೆಂದವರ ಮಾತನ್ನೂ ಸಮಾನವಾಗಿ ಬರೆಸಿ.

ಪ್ರಶ್ನೆ: ಸಾಲ್ಟ್‌ಬರ್ನ್‌ನ ಹಳ್ಳವೊಂದು ಗಣಿಗಳು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗಿತಂತೆ. ಅಷ್ಟು ತಡವಾಗಿ ಏಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಗಣಿ ನಡೆಯುತ್ತಿರುವಷ್ಟು ಕಾಲ ನೀರನ್ನು ಪಂಪುಗಳಿಂದ ಹೊರಹಾಕುತ್ತಿದ್ದರು. ಪಂಪು ನಿಂತ ಮೇಲೆ ಒಂದಕ್ಕೊಂದು ಕೂಡಿಕೊಂಡ ಸುರಂಗಗಳೆಲ್ಲ ತುಂಬಲು ದಶಕಗಳು ಹಿಡಿದವು. 1999ರಲ್ಲಿ ಆ ನೀರು ಸಾಲ್ಟ್‌ಬರ್ನ್ ಗಿಲ್ ಎಂಬ ಕಣಿವೆಯಲ್ಲಿ ಹೊರಬಿತ್ತು. ಒಳಗೆ ಕರಗಿದ ರೂಪದಲ್ಲಿದ್ದ ಕಬ್ಬಿಣ ಹೊರಗಿನ ಗಾಳಿ ಸೋಕಿದೊಡನೆ ತುಕ್ಕಾಗಿ ಹಳ್ಳದ ತಳಕ್ಕೆ ಕೂತು, ಜಲಚರಗಳ ನೆಲೆಯನ್ನೇ ಮುಚ್ಚಿತು. ಬಳಿಕ ನೀರನ್ನು ಮೇಲೆತ್ತಿ, ಕೊಳಗಳಲ್ಲಿ ನಿಲ್ಲಿಸಿ, ತುಕ್ಕು ಕೆಳಗೆ ಕೂತ ಮೇಲೆ ಹಳ್ಳಕ್ಕೆ ಬಿಡುವ ಶುದ್ಧೀಕರಣ ಘಟಕವನ್ನು ಕಟ್ಟಿದರು. ಅಂಥ ಘಟಕದ ಪಂಪುಗಳನ್ನು ನಿಲ್ಲಿಸಿದರೆ ಹಳ್ಳ ಮತ್ತೆ ಕೆಡುವುದರಿಂದ, ಅದರ ಖರ್ಚನ್ನು ಆ ಅದಿರಿನಿಂದ ಏನನ್ನೂ ಗಳಿಸದ ತಲೆಮಾರು ಹೊರಬೇಕಾಗಿದೆ.