ಪೋಸ್ಟರ್ ನೋಡಿ ಯಾರಾದರೂ ಯುದ್ಧಕ್ಕೆ ಹೋಗ್ತಾರಾ?

ಪ್ರಶ್ನೆ: ಮಗಳ ಇತಿಹಾಸದ ಪುಸ್ತಕದಲ್ಲಿ ಮೊದಲ ಮಹಾಯುದ್ಧದ ಒಂದು ಪೋಸ್ಟರ್ ಇದೆ. ದಪ್ಪ ಮೀಸೆಯ ಸೇನಾಧಿಕಾರಿ ನಮ್ಮ ಕಡೆಗೇ ಬೆರಳು ತೋರಿಸುತ್ತಾನೆ. ಇದನ್ನು ನೋಡಿ ಬ್ರಿಟನ್ನಿನಲ್ಲಿ ಲಕ್ಷಾಂತರ ಜನ ಸೇನೆ ಸೇರಿದರಂತೆ. ಜನ ಅಷ್ಟು ಸುಲಭವಾಗಿ ನಂಬಿಬಿಡುತ್ತಿದ್ದರಾ?
– ಓದುಗರೊಬ್ಬರು, ಹಾಸನ

ಉತ್ತರ: ಆ ಮೀಸೆಯವರು ಲಾರ್ಡ್ ಕಿಚನರ್, ಆಗಿನ ಬ್ರಿಟನ್ನಿನ ಯುದ್ಧ ಸಚಿವರು. ಬಿಡಿಸಿದವರು ಆಲ್ಫ್ರೆಡ್ ಲೀಟ್. ಆದರೆ ತಾರೀಖು ನೋಡಿ. ಚಿತ್ರ ಮೊದಲು ಒಂದು ವಾರಪತ್ರಿಕೆಯ ಮುಖಪುಟದಲ್ಲಿ ಬಂದದ್ದು 1914ರ ಸೆಪ್ಟೆಂಬರ್ 5ಕ್ಕೆ. ಒಂದೇ ದಿನ ಅತಿ ಹೆಚ್ಚು ಜನ, 33 ಸಾವಿರಕ್ಕೂ ಜಾಸ್ತಿ, ಹೆಸರು ಬರೆಸಿದ್ದು ಅದಕ್ಕೂ ಎರಡು ದಿನ ಮೊದಲು! ಬೆಲ್ಜಿಯಂನ ಮೋನ್ಸ್‌ನಿಂದ ತಮ್ಮ ಸೇನೆ ಹಿಂದೆ ಸರಿಯುತ್ತಿದೆ ಅನ್ನೋ ಸುದ್ದಿ ಆಗಷ್ಟೇ ಜನರಿಗೆ ತಲುಪಿತ್ತು. ಯುದ್ಧ ಶುರುವಾದ ಕೂಡಲೇ ಕೆಲಸ ಕಳೆದುಕೊಂಡವರೂ ಬಹಳ ಇದ್ದರು. ಎಲ್ಲವನ್ನೂ ಪೋಸ್ಟರಿನ ತಲೆಗೆ ಕಟ್ಟೋದು ಸರಿಯಲ್ಲ.

ಹಾಗಂತ ಪ್ರಚಾರ ಏನೂ ಮಾಡಲಿಲ್ಲ ಅಂತಲ್ಲ. ಶತ್ರು ಕೆಟ್ಟವನು ಎಂದು ನಂಬಿಸೋದು ಅದರ ಸಣ್ಣ ಕೆಲಸ. 'ಈ ಯುದ್ಧ ಬೇಕಾ' ಅನ್ನೋ ಪ್ರಶ್ನೆಯನ್ನು ಮರೆಸಿ, 'ಹೋಗದಿದ್ದರೆ ನಾಲ್ಕು ಜನ ಏನಂತಾರೆ' ಅನ್ನೋ ಭಯವನ್ನು ನಡುಮನೆಗೆ ತಂದು ಕೂರಿಸೋದು ದೊಡ್ಡ ಕೆಲಸ.

1915ರ ಇನ್ನೊಂದು ಪೋಸ್ಟರ್ ಹುಡುಕಿ ನೋಡಿ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ. ತೊಡೆ ಮೇಲೆ ಮಗಳು, ಅವಳ ಮುಂದೆ ತೆರೆದ ಪುಸ್ತಕ. ನೆಲದ ಮೇಲೆ ಮಗ ಆಟಿಕೆ ಸೈನಿಕರನ್ನು ಜೋಡಿಸುತ್ತಿದ್ದಾನೆ. 'ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?' ಅಂತ ಕೆಳಗೆ ಬರೆದಿದೆ. ರಣರಂಗ ಇಲ್ಲ, ಶತ್ರುವೂ ಇಲ್ಲ. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಅದು ಮುಗಿದುಹೋದಂತೆ, ಅಪ್ಪ ಬದುಕುಳಿದು ಮನೆಯಲ್ಲೇ ಇರುವಂತೆ ಚಿತ್ರ ಬರೆದಿದ್ದಾರೆ. ಸಾವಿನ ಮಾತೇ ಇಲ್ಲ, ಇರೋದು ನಾಚಿಕೆ ಮಾತ್ರ. ನನಗೆ ಕಿಚನರ್ ಬೆರಳಿಗಿಂತ ಈ ಮಗುವಿನ ಪ್ರಶ್ನೆಯೇ ಹೆಚ್ಚು ಕ್ರೂರ ಅನ್ನಿಸುತ್ತದೆ.

ಬೀದಿಯಲ್ಲೂ ಇದೇ ನಡೆಯಿತು. ಸಮವಸ್ತ್ರ ಇಲ್ಲದೆ ಓಡಾಡುವ ಗಂಡಸರ ಕೈಗೆ ಹೆಂಗಸರು ಬಿಳಿ ಗರಿ ಕೊಡುತ್ತಿದ್ದರು, ನೀನು ಹೇಡಿ ಅನ್ನೋ ಅರ್ಥದಲ್ಲಿ. ರಜೆಗೆ ಬಂದ ಸೈನಿಕರಿಗೂ ಸಿಕ್ಕಿತು. ಗಾಯಗೊಂಡು ಸೇನೆ ಬಿಟ್ಟವರಿಗೆ ಈ ಅವಮಾನ ಆಗಬಾರದೆಂದು 1916ರಲ್ಲಿ ಸರ್ಕಾರ ಬೆಳ್ಳಿ ಬ್ಯಾಡ್ಜನ್ನೇ ಕೊಡಬೇಕಾಯಿತು.

ಇನ್ನು ನಂಬಿಕೆಯ ವಿಷಯ. ಜನ ದಡ್ಡರಾಗಿರಲಿಲ್ಲ. ಜರ್ಮನ್ ಸೇನೆ ಬೆಲ್ಜಿಯಂನ ಲೂವೆನ್ ಪಟ್ಟಣದ ಗ್ರಂಥಾಲಯ ಸುಟ್ಟದ್ದು, ನಾಗರಿಕರನ್ನು ಕೊಂದದ್ದು ನಿಜ. ಆ ನಿಜದ ಜೊತೆಗೆ ಪರೀಕ್ಷೆ ಮಾಡದ ಭಯಾನಕ ಕಥೆಗಳನ್ನೂ ಸೇರಿಸಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿಯ 1915ರ ಬ್ರೈಸ್ ವರದಿ ಹಲವು ಭಾಷೆಗಳಲ್ಲಿ ಹೊರಬಂತು. ಅರ್ಧ ನಿಜ ಇದ್ದಾಗ ಉಳಿದರ್ಧವನ್ನು ಯಾರು ಕೆದಕುತ್ತಾರೆ, ಅಲ್ವಾ?

ಕೊನೆಗೆ ಒಂದು ವಿಷಯ ಹೇಳಲೇಬೇಕು. 'ಗೆಳೆಯರೆಲ್ಲ ಒಟ್ಟಿಗೆ ಸೇರಿ, ಒಟ್ಟಿಗೇ ಹೋರಾಡಿ' ಅನ್ನೋ ಭರವಸೆಯೂ ಇತ್ತು. ಒಂದೇ ಓಣಿ, ಒಂದೇ ಮಿಲ್ಲಿನ ಹುಡುಗರು ಸಾಲಾಗಿ ಹೆಸರು ಬರೆಸಿದರು. ಇಂಗ್ಲೆಂಡಿನ ಅಕ್ರಿಂಗ್ಟನ್ ಪಟ್ಟಣ ಮತ್ತು ಸುತ್ತಲಿನ ಊರುಗಳ ಅಂಥದೊಂದು ದಳ 1916ರ ಜುಲೈ 1ರಂದು ಫ್ರಾನ್ಸಿನ ಸೆರ್ ಎಂಬಲ್ಲಿ ದಾಳಿಗೆ ಇಳಿಯಿತು. ಹೋದವರು ಸುಮಾರು 700. ಅವರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 580ಕ್ಕೂ ಹೆಚ್ಚು. ಮಗಳ ಪುಸ್ತಕದಲ್ಲಿ ಆ ಪೋಸ್ಟರ್ ಪಕ್ಕ ಪೆನ್ಸಿಲಿನಲ್ಲಿ 'ಅಕ್ರಿಂಗ್ಟನ್' ಅಂತ ಬರೆದಿಡೋಕೆ ಹೇಳಿ.